50ನೇ ಗೋಡೆಪತ್ರಿಕೆ ಅಂಟಿಸಿದ ಮೇಲೆ

ಮೊನ್ನೆ ಶನಿವಾರ ನಮ್ಮ ಶಾಲೆಯ ವರಾಂಡದಲ್ಲಿ 50ನೇ ಗೋಡೆಪತ್ರಿಕೆ ಅಂಟಿಸಿದೆವು. ಶಿಡ್ಲಘಟ್ಟ ತಾಲ್ಲೂಕಿನ ಒಂದು ಸಣ್ಣ ಸರ್ಕಾರಿ ಶಾಲೆ ನಮ್ಮದು. ಎರಡು ಚಾರ್ಟ್ ಶೀಟು, ಹದಿನಾಲ್ಕು ಮಕ್ಕಳ ಬರಹ, ಒಂದು ಡಬ್ಬಿ ಮೈದಾ ಅಂಟು. ಅಷ್ಟೇ. ಆದರೆ ಅವತ್ತು ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಇಲ್ಲಿವರೆಗೆ ಜೊತೆಗೆ ನಿಂತವರೆಲ್ಲ ಒಬ್ಬೊಬ್ಬರಾಗಿ ನೆನಪಾದರು. ಅವರಿಗೆ ಎಲ್ಲರ ಮುಂದೆ ಥ್ಯಾಂಕ್ಸ್ ಹೇಳಬೇಕು ಅಂತ ಇದನ್ನು ಬರೆಯುತ್ತಿದ್ದೇನೆ.

ಶುರುವಾಗಿದ್ದು 2018ರಲ್ಲಿ. ಅಲ್ಲಿವರೆಗೆ ನಮ್ಮ ಮಕ್ಕಳಿಗೆ ಬರವಣಿಗೆ ಅಂದರೆ ಕಾಪಿ, ಉಕ್ತಲೇಖನ, ಇಲ್ಲಾಂದ್ರೆ ಪ್ರಬಂಧ. ಪ್ರಬಂಧ ಅಂದರೆ ಪೀಠಿಕೆ, ವಿಷಯ ವಿವರಣೆ, ಉಪಸಂಹಾರ. ಗೈಡಿನಲ್ಲಿ ಇರೋದನ್ನು ಬಾಯಿಪಾಠ ಮಾಡಿ ಹಾಳೆಗೆ ಇಳಿಸೋದು. ನಾನೂ ಹಾಗೇ ಬರೆಸುತ್ತಿದ್ದೆ. ತರಬೇತಿಯೊಂದರಲ್ಲಿ ಸಿಕ್ಕ ಪಕ್ಕದ ತಾಲ್ಲೂಕಿನ ಗೆಳತಿ ಬೇರೆ ದಾರಿ ತೋರಿಸಿದರು. ಅಮೆರಿಕದಲ್ಲಿ ಡೊನಾಲ್ಡ್ ಗ್ರೇವ್ಸ್ ಅನ್ನುವವರು 1970ರ ದಶಕದ ಕೊನೆಗೆ ನ್ಯೂ ಹ್ಯಾಂಪ್‌ಶೈರ್‌ನ ಒಂದು ಶಾಲೆಯಲ್ಲಿ ಎರಡು ವರ್ಷ ಇದನ್ನೇ ನೋಡಿದರಂತೆ, ಮಕ್ಕಳು ಹೇಗೆ ಬರೆಯುತ್ತಾರೆ ಅಂತ. ವಿಷಯ ಮಗುವೇ ಆರಿಸಲಿ, ಮೊದಲು ಹೇಗೋ ಬರೆಯಲಿ, ಮೇಷ್ಟ್ರು ಪಕ್ಕ ಕೂತು ಕೇಳಲಿ, ಆಮೇಲೆ ತಿದ್ದಲಿ. ಇಷ್ಟನ್ನು ಗೆಳತಿ ಬಸ್ ಸ್ಟ್ಯಾಂಡಿನಲ್ಲಿ ನಿಂತು ಹೇಳಿದ್ದು. ನನಗೆ ಮನಸ್ಸಿಗೆ ನಾಟಿತು.

ನಮ್ಮ ಹೆಡ್ ಮೇಷ್ಟ್ರು ಶನಿವಾರದ ಕೊನೆಯ ಎರಡು ಪೀರಿಯಡ್ ಬಿಟ್ಟುಕೊಟ್ಟರು. ಹತ್ತು ನಿಮಿಷ ಮಾತು, ಆಮೇಲೆ ಬರೆಯೋದು. ನಾನೂ ಮಕ್ಕಳ ಜೊತೆ ನೆಲದ ಮೇಲೆ ಕೂತು ಬರೆಯುತ್ತೇನೆ. ಕೊನೆಗೆ ಸುತ್ತ ಕೂತು ಓದೋದು. ಕೇಳಿದವರು ಸುಮ್ನೆ ‘ಚೆನ್ನಾಗಿದೆ’ ಅನ್ನೋ ಹಾಗಿಲ್ಲ, ಒಂದು ಪ್ರಶ್ನೆ ಕೇಳಬೇಕು. ಒಮ್ಮೆ ಶಾಲೆ ನೋಡಲು ಬಂದವರೊಬ್ಬರು ನೋಟ್‌ಬುಕ್ ತಿರುವಿ, ಇಷ್ಟೊಂದು ತಪ್ಪು ಹಾಗೇ ಬಿಟ್ಟಿದ್ದೀರಲ್ಲ ಅಂತ ಗದರಿದರು. ನಾನು ಬಾಯಿ ಬಿಡುವ ಮೊದಲೇ ಹೆಡ್ ಮೇಷ್ಟ್ರು, ‘ಇದು ಮೊದಲನೇ ಸಲ ಬರೆದದ್ದು ಸರ್, ಗೋಡೆ ಮೇಲಿರೋದನ್ನ ನೋಡಿ ಬನ್ನಿ’ ಅಂತ ಅವರನ್ನು ವರಾಂಡಕ್ಕೆ ಕರೆದುಕೊಂಡು ಹೋದರು. ಸರ್, ಆ ಒಂದು ಮಾತಿಗೆ ನಾನು ಋಣಿ.

ಆದರೆ ಮೊದಲ ವರ್ಷ ನಾನೇ ಒಂದು ತಪ್ಪು ಮಾಡಿದ್ದೆ. ಆರನೇ ತರಗತಿ ಹುಡುಗನೊಬ್ಬ ಒಂದೂವರೆ ಪುಟ ಬರೆದಿದ್ದ, ಮನೆಯ ರೇಷ್ಮೆ ಹುಳುಗಳ ಬಗ್ಗೆ. ‘ಹುಳು’ ಅಂತ ಬರೆಯೋ ಕಡೆಯೆಲ್ಲ ‘ಉಳ’ ಅಂತ ಬರೆದಿದ್ದ. ಹಳೇ ಅಭ್ಯಾಸ, ಕೆಂಪು ಪೆನ್ನು ತೆಗೆದು ಹನ್ನೊಂದು ಕಡೆ ಸುತ್ತು ಹಾಕಿದೆ. ಮುಂದಿನ ಶನಿವಾರ ಅವನು ಬರೆದದ್ದು ಎರಡೇ ಸಾಲು. ‘ನಮ್ಮ ಮನೆ ಇದೆ. ನಮ್ಮ ದನ ಇದೆ.’ ತಪ್ಪಾಗದ ಪದಗಳನ್ನು ಮಾತ್ರ ಹುಡುಕಿ ಬರೆದಿದ್ದ. ಅವತ್ತಿನಿಂದ ಕೆಂಪು ಪೆನ್ನು ಬರವಣಿಗೆ ಪೀರಿಯಡ್‌ಗೆ ತರಲಿಲ್ಲ. ಕಾಗುಣಿತ ಬೇಡ ಅಂತಲ್ಲ. ಗೋಡೆಗೆ ಹೋಗುವ ಮೊದಲು ಕೂತು ತಿದ್ದುತ್ತೇವೆ. ಆದರೆ ಅದು ಕೊನೆಯ ಕೆಲಸ.

ಇನ್ನೊಬ್ಬಳು ಹುಡುಗಿ. ಅವಳದ್ದೂ ಹುಳು ಸಾಕೋ ಮನೆ. ‘ರೇಷ್ಮೆ ನಮ್ಮ ನಾಡಿನ ಹೆಮ್ಮೆ. ರೇಷ್ಮೆಯಿಂದ ಸೀರೆ ತಯಾರಿಸುತ್ತಾರೆ’ ಅಂತ ಬರೆದು ಪೆನ್ಸಿಲ್ ಕೆಳಗಿಟ್ಟಿದ್ದಳು. ಪಕ್ಕ ಕೂತು ಕೇಳಿದೆ, ‘ನಿನ್ನೆ ಮನೇಲಿ ಹುಳು ಏನ್ ಮಾಡ್ತಿದ್ವು?’

‘ಜ್ವರಕ್ಕೆ ಕೂತಿದ್ವು ಮಿಸ್.’

ರೇಷ್ಮೆ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಹುಳು ಗೂಡು ಕಟ್ಟುವ ಮೊದಲು ನಾಲ್ಕು ಸಲ ಪೊರೆ ಬಿಡುತ್ತದೆ. ಅದಕ್ಕೆ ಇಲ್ಲಿ ಜ್ವರ ಅಂತಲೇ ಹೆಸರು. ‘ಜ್ವರಕ್ಕೆ ಕೂತರೆ ಹೇಗಿರ್ತವೆ?’ ಅಂದೆ. ಅವಳು ಮಾತಾಡಲಿಲ್ಲ. ಮೊಣಕೈ ನೆಲಕ್ಕೂರಿ ಮುಂಗೈ ಎತ್ತಿದಳು, ಬೆರಳುಗಳನ್ನು ಮುಂದಕ್ಕೆ ಬಾಗಿಸಿದಳು, ಹಾಗೇ ಅಲ್ಲಾಡದೆ ಹಿಡಿದಳು. ಥೇಟ್ ಹುಳುವೇ. ಸುತ್ತ ಇದ್ದವರೂ ಕೈ ಎತ್ತಿದರು. ಅರ್ಧ ಕ್ಲಾಸು ಜ್ವರಕ್ಕೆ ಕೂತಿತು. ‘ಇದನ್ನೇ ಬರಿ’ ಅಂದೆ. ಅವಳು ಬರೆದದ್ದು ಹೀಗೆ: ‘ಜ್ವರಕ್ಕೆ ಕೂತಾಗ ಹುಳು ತಲೆ ಎತ್ತಿಕೊಂಡು ಇರುತ್ತದೆ. ಏನೂ ತಿನ್ನುವುದಿಲ್ಲ. ಅಪ್ಪ ಸುಣ್ಣ ಚೆಲ್ಲುತ್ತಾರೆ. ಸೊಪ್ಪು ಹಾಕುವುದಿಲ್ಲ. ಅವತ್ತು ಮಾತ್ರ ನಮ್ಮ ಅಪ್ಪ ಮಧ್ಯಾಹ್ನ ಮಲಗುತ್ತಾರೆ.’

ಆ ಕೊನೆಯ ಸಾಲು ಯಾವ ಗೈಡಿನಲ್ಲಿ ಸಿಗುತ್ತದೆ ಹೇಳಿ? ಕಂದಾ, ಬರವಣಿಗೆ ಪಾಠ ಮಾಡೋದು ಹೇಗೆ ಅಂತ ನನಗೆ ಹೇಳಿಕೊಟ್ಟಿದ್ದು ನೀನು.

ಅವಳ ಅಮ್ಮ ಒಂದು ಸಲ ಬೇಜಾರು ಮಾಡಿಕೊಂಡಿದ್ದರು. ‘ನಮ್ಮನೇಲಿ ಮಾತಾಡೋದೇ ತೆಲುಗು ಮಿಸ್. ಇವಳಿಗೆ ಕನ್ನಡ ಬರೆಯೋದು ಎಲ್ಲಿಂದ ಬರುತ್ತೆ?’ ಈ ಸೀಮೆಯಲ್ಲಿ ಇದು ಎಷ್ಟೋ ಮನೆಗಳ ಅಳುಕು. ರೇಷ್ಮೆ ನೂಲು ಬಿಚ್ಚುವ ಮನೆಗಳಿಂದ ಬರುವ ಉರ್ದು ಮಾತಿನ ಮಕ್ಕಳದ್ದೂ ಅದೇ ಪಾಡು. ಮಾಸ್ತಿಯವರು ನಮ್ಮ ಪಕ್ಕದ ಕೋಲಾರ ಜಿಲ್ಲೆಯ ಮಾಲೂರು ತಾಲ್ಲೂಕಿನವರು, ಅವರ ಮನೆಮಾತು ತಮಿಳು, ಆದರೂ 1983ರ ಜ್ಞಾನಪೀಠ ಬಂದಿದ್ದು ಅವರ ಕನ್ನಡಕ್ಕೆ ಅಂತ ಹೇಳಿದೆ. ಆ ತಾಯಿ ನಕ್ಕರು. ಈಗ ನಮ್ಮಲ್ಲಿ ಮೊದಲು ಯಾವ ಮಾತಿನಲ್ಲಿ ಬೇಕಾದರೂ ಹೇಳಬಹುದು. ಪದ ಗೊತ್ತಿಲ್ಲದಿದ್ದರೆ ಪಕ್ಕದವರನ್ನು ಕೇಳಿ ಬರೆಯುತ್ತಾರೆ.

2020ರ ಮಾರ್ಚಿನಲ್ಲಿ ಎಲ್ಲ ನಿಂತಿತು. ಆಗಸ್ಟಿನಲ್ಲಿ, ಮಕ್ಕಳಿರುವ ಕಡೆಗೇ ಹೋಗಿ ಪಾಠ ಮಾಡುವ ಸರ್ಕಾರದ ವಿದ್ಯಾಗಮ ಬಂತು, ದೇವಸ್ಥಾನದ ಜಗಲಿಯಲ್ಲಿ ಪಾಠ ಮಾಡಿದೆವು. ಅಕ್ಟೋಬರಿನಲ್ಲಿ ಅದೂ ನಿಂತಿತು. ತುಂಬಾ ಮನೆಗಳಲ್ಲಿ ಮಕ್ಕಳ ಕೈಗೆ ಮೊಬೈಲ್ ಸಿಗುತ್ತಿರಲಿಲ್ಲ. ಆಗ ದಾರಿ ಮಾಡಿಕೊಟ್ಟವರು ನಮ್ಮೂರ ಹಾಲಿನ ಡೇರಿಯ ಸೆಕ್ರೆಟರಿ ಅಣ್ಣ. ಬೆಳಿಗ್ಗೆ ಹಾಲು ಹಾಕಲು ಬರುವ ಮಕ್ಕಳು ನೋಟ್‌ಬುಕ್ ತಂದು ಡೇರಿಯ ಕಿಟಕಿ ಮೇಲಿಡುತ್ತಿದ್ದರು. ನಾನು ವಾರಕ್ಕೊಮ್ಮೆ ಹೋಗಿ ಒಯ್ಯುತ್ತಿದ್ದೆ, ಪ್ರತಿ ಪುಟದ ಕೆಳಗೆ ಒಂದು ಪ್ರಶ್ನೆ ಬರೆದು ವಾಪಸ್ ಇಡುತ್ತಿದ್ದೆ. ಅಣ್ಣ ಅವನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಇಡುತ್ತಿದ್ದರು. ಒಂದು ನೋಟ್‌ಬುಕ್ ಕೂಡ ನೆನೆಯಲಿಲ್ಲ, ಕಳೆಯಲಿಲ್ಲ. ಅಣ್ಣಾ, ನೀವಿಲ್ಲದಿದ್ದರೆ ಇದು ಅಲ್ಲೇ ಮುಗಿದುಹೋಗುತ್ತಿತ್ತು.

ಬಿಸಿಯೂಟದ ಅಕ್ಕನನ್ನು ಹೇಗೆ ಮರೆಯಲಿ? ಅವರಿಗೆ ಓದು ಬರುವುದಿಲ್ಲ. ಹೊಸ ಪತ್ರಿಕೆ ಅಂಟಿಸಿದ ದಿನ ಅಕ್ಕಿ ಆರಿಸುತ್ತಾ ಕೂತು, ‘ಬಾರೋ, ನೀನೇನ್ ಬರ್ದಿದೀಯ ಓದು’ ಅಂತ ಒಬ್ಬೊಬ್ಬರನ್ನೇ ಕರೆಯುತ್ತಾರೆ. ಅರ್ಥವಾಗದಿದ್ದರೆ ‘ಅಂದ್ರೆ?’ ಅನ್ನುತ್ತಾರೆ. ಆ ‘ಅಂದ್ರೆ?’ಗೆ ಹೆದರಿ ಎಷ್ಟೋ ಮಕ್ಕಳು ಬರೆದದ್ದನ್ನು ಇನ್ನೊಂದು ಸಲ ಓದಿಕೊಳ್ಳುತ್ತಾರೆ. ಅಕ್ಕಾ, ನಮ್ಮ ಪತ್ರಿಕೆಗೆ ನಿಮಗಿಂತ ಒಳ್ಳೆಯ ಓದುಗರಿಲ್ಲ.

ಆ ‘ಉಳ’ದ ಹುಡುಗ ಈಗ ಚಿಂತಾಮಣಿಯಲ್ಲಿ ಡಿಗ್ರಿ ಓದುತ್ತಿದ್ದಾನೆ. ಮೊನ್ನೆ ಬಂದಿದ್ದ. ಗೋಡೆಯ ಮುಂದೆ ನಿಂತು ಹದಿನಾಲ್ಕೂ ಬರಹ ಓದಿದ. ಆಮೇಲೆ ನಾನು ಅವನನ್ನು ಪಕ್ಕಕ್ಕೆ ಕರೆದು, ಅವತ್ತಿನ ಕೆಂಪು ಸುತ್ತುಗಳಿಗೆ ಕ್ಷಮೆ ಕೇಳಿದೆ. ‘ಯಾವುದು ಮಿಸ್?’ ಅಂದ. ಅವನಿಗೆ ನೆನಪಿಲ್ಲ. ನನಗಿದೆ.

51ನೇ ಸಂಚಿಕೆಗೆ ಮಕ್ಕಳು ‘ಸಂತೆ’ ಅಂತ ಆರಿಸಿದ್ದಾರೆ. ಚಾರ್ಟ್ ಶೀಟ್ ತಂದಿಟ್ಟಿದ್ದೇನೆ. ಅಕ್ಕ ಈಗಲೇ ಕೇಳುತ್ತಿದ್ದಾರೆ, ‘ಯಾವತ್ತು ಅಂಟಿಸ್ತೀರಾ ಮಿಸ್?’