ಅಂಕ ಏರಿತು, ಹಾಲು ಉಕ್ಕುವುದು ನಿಲ್ಲಲಿಲ್ಲ

ಮಾನ್ಯ ಸಂಪಾದಕರೇ,

ಮಿದುಳು ಚುರುಕು ಮಾಡುವ ಕಂಪ್ಯೂಟರ್ ಆಟಗಳ ಜಾಹೀರಾತು ಈಗ ಫೋನ್ ತೆರೆದರೆ ಸಾಕು, ಬರುತ್ತದೆ. ತಲೆಗೆ ಪೆಟ್ಟಾದವರ ಮನೆಯವರು ದುಡ್ಡು ಕಟ್ಟುವ ಮುಂಚೆ ಇದನ್ನೊಮ್ಮೆ ಓದಲಿ ಅಂತ ಬರೆಯುತ್ತಿದ್ದೇನೆ.

ನಮ್ಮ ಯಜಮಾನರು ತಿಪಟೂರಿನ ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುತ್ತಿದ್ದರು. ಬೈಕಿನಿಂದ ಬಿದ್ದು ಮಿದುಳಿನ ಮುಂಭಾಗಕ್ಕೆ ಪೆಟ್ಟಾಯಿತು. ಕೈಕಾಲು ಸರಿಯಿದೆ, ಮಾತೂ ಸರಿಯಿದೆ. ಕ್ವಿಂಟಲ್ ಲೆಕ್ಕ ಈಗಲೂ ಬಾಯಲ್ಲೇ ಹೇಳುತ್ತಾರೆ. ಆದರೆ ಯಾವುದು ಮೊದಲು, ಯಾವುದು ಆಮೇಲೆ ಅನ್ನುವುದು ತಪ್ಪಿಹೋಗಿದೆ. ಕಾಫಿಗೆ ಹಾಲಿಟ್ಟು ಸಕ್ಕರೆ ಡಬ್ಬಿ ಹುಡುಕುತ್ತಾರೆ. ಡಬ್ಬಿ ಪಕ್ಕ ಕರೆಂಟ್ ಬಿಲ್ ಕಂಡರೆ ಓದೋಕೆ ಕನ್ನಡಕ ತರಲು ಹೊರಡುತ್ತಾರೆ. ಸೀದ ವಾಸನೆ ಬಂದಾಗಲೇ ನನಗೆ ಗೊತ್ತಾಗುವುದು. ನೆಂಟರು "ಚೆನ್ನಾಗೇ ಇದ್ದಾರಲ್ಲ, ಸೋಮಾರಿತನ ಅಷ್ಟೆ" ಅಂದುಬಿಡುತ್ತಾರೆ. ಕೆಲಸವನ್ನು ಜೋಡಿಸಿಕೊಳ್ಳುವ, ಅಡ್ಡದಾರಿಗೆ ಹೋಗದಂತೆ ತಡೆಯುವ ಭಾಗಕ್ಕೇ ಏಟು ಬಿದ್ದಿರುವಾಗ ಸೋಮಾರಿತನದ ಮಾತೆಲ್ಲಿಂದ ಬಂತು?

ಒಂದು ಖಾಸಗಿ ಕೇಂದ್ರದಲ್ಲಿ ಇವರನ್ನು ಕಂಪ್ಯೂಟರ್ ಮುಂದೆ ಕೂರಿಸಿದರು. 'ರೆಡ್' (ಕೆಂಪು) ಅನ್ನುವ ಪದ ನೀಲಿ ಬಣ್ಣದಲ್ಲಿ ಬರುತ್ತದೆ. ಪದಕ್ಕೆ ಮರುಳಾಗದೆ ನೀಲಿಯನ್ನೇ ಒತ್ತಬೇಕು. ಪದಗಳೆಲ್ಲ ಇಂಗ್ಲಿಷಿನವು. ಕನ್ನಡದಲ್ಲಿ ಓದಿದವರಿಗೆ ಇಂಗ್ಲಿಷ್ ಪದ ಅಷ್ಟು ಬೇಗ ಕಣ್ಣಿಗೆ ಹತ್ತುವುದೇ ಇಲ್ಲ, ಇನ್ನು ಮರುಳಾಗುವುದೆಲ್ಲಿ? ಅಂಕ ಏರುತ್ತಾ ಹೋಯಿತು, ಬಣ್ಣದ ಗ್ರಾಫ್ ಕೊಟ್ಟರು. ಮನೆಯಲ್ಲಿ ಹಾಲು ಉಕ್ಕುತ್ತಲೇ ಇತ್ತು.

2010ರಲ್ಲಿ 'ನೇಚರ್' ಎಂಬ ವಿಜ್ಞಾನ ಪತ್ರಿಕೆಯಲ್ಲಿ ಒಂದು ಅಧ್ಯಯನ ಬಂದಿತ್ತು. 11,430 ಜನರಿಗೆ ಆರು ವಾರ ಇಂಥ ಆಟ ಆಡಿಸಿದರು. ಆಡಿದ ಆಟದಲ್ಲಿ ಪಳಗಿದರು, ಬೇರೆ ಪರೀಕ್ಷೆಗೆ ಆ ಲಾಭ ದಾಟಲಿಲ್ಲ. ಅವರು ರೋಗಿಗಳಲ್ಲ, ನಿಜ. ಆದರೂ ಗ್ರಾಫ್ ನೋಡಿ ಹಿಗ್ಗುವ ಮುಂಚೆ ಇದನ್ನು ಯೋಚಿಸಬೇಕಲ್ವಾ?

ಕಂಪ್ಯೂಟರೇ ಬೇಡ ಅನ್ನುತ್ತಿಲ್ಲ. ಅದಕ್ಕೆ ಬೇಜಾರಾಗುವುದಿಲ್ಲ, ಸಿಟ್ಟು ಬರುವುದಿಲ್ಲ. ರೋಗಿ ಸೋತರೆ ಹಂತ ಇಳಿಸುತ್ತದೆ, ಗೆದ್ದರೆ ಏರಿಸುತ್ತದೆ. ಆಮೇಲೆ ನಾವು ಕಂಡ ಮನಶ್ಶಾಸ್ತ್ರಜ್ಞೆಯೂ ಅದನ್ನು ಬಿಡಿಸಲಿಲ್ಲ. ಜತೆಗೆ ಅಡುಗೆಮನೆ ಗೋಡೆಗೆ ಒಂದು ಚೀಟಿ ಅಂಟಿಸಲು ಹೇಳಿದರು: "ನಿಲ್ಲು. ಏನು ಮಾಡ್ತಿದ್ದೆ? ಒಲೆ ಮೇಲೆ ಏನಿದೆ?" ಫೋನ್ ಅಲಾರಂ ಆದಾಗೆಲ್ಲ ಇವರು ಅದನ್ನು ಜೋರಾಗಿ ಓದಬೇಕು. ಮೊದಮೊದಲು ಅಲಾರಂ ಆರಿಸಿ ಸುಮ್ನೆ ಹೋಗಿಬಿಡುತ್ತಿದ್ದರು. ಈಗ ಹೆಚ್ಚಿನ ದಿನ ಕಾಫಿ ಲೋಟಕ್ಕೆ ಬರುತ್ತದೆ. ಮಂಡಿಗೆ ಹೋಗುವಷ್ಟಾಗಿಲ್ಲ. ಟೆಂಡರ್ ದಿನದ ಗದ್ದಲ, ನಾಲ್ಕು ಜನ ಒಟ್ಟಿಗೆ ಕೇಳುವ ರೇಟು ಇವರಿಗೆ ತಡೆಯುವುದಿಲ್ಲ.

ಇಂಥ ಮಾರ್ಗದರ್ಶನಕ್ಕೆ ನಾವು ಬೆಂಗಳೂರಿನವರೆಗೆ ಹೋಗಬೇಕಾಯಿತು. ನಿಮ್ಹಾನ್ಸ್ ಜತೆ ಸೇರಿ ರಾಜ್ಯ ಸರ್ಕಾರ ಜಿಲ್ಲಾ ಆಸ್ಪತ್ರೆಗಳಲ್ಲಿ ಮಿದುಳು ಆರೋಗ್ಯ ಕ್ಲಿನಿಕ್ ಶುರು ಮಾಡಿದೆ. ಒಳ್ಳೆಯ ಕೆಲಸ. ಅಲ್ಲೇ ಕನ್ನಡದ ತಂತ್ರಾಂಶ ಇರುವ ಕಂಪ್ಯೂಟರ್ ಇಡಲಿ. ಅದರ ಪಕ್ಕದಲ್ಲಿ "ಮನೆಯಲ್ಲಿ ಏನು ಕೆಲಸ ಕೆಡುತ್ತಿದೆ?" ಎಂದು ಕೇಳುವ ಒಬ್ಬರೂ ಇರಲಿ. ಮೊದಲು ಕಂಪ್ಯೂಟರ್ ಮಾತ್ರ ಬಂದು, ಜನರನ್ನು ಆಮೇಲೆ ನೇಮಿಸುತ್ತೇವೆ ಅನ್ನುವ ಹಾಗಾಗಬಾರದು.

– ಒಬ್ಬ ಓದುಗಾರ್ತಿ, ತಿಪಟೂರು