ಸೀಸದ ಗುಂಡು ಇನ್ನು ನಮ್ಮಲ್ಲಿ ಸಿಗುವುದಿಲ್ಲ: ಗ್ರಾಹಕರಿಗೆ ಒಂದು ಪತ್ರ

ಪ್ರಿಯ ಗ್ರಾಹಕರೇ,

ನಮಸ್ಕಾರ. ಎರೆ ನೀರಿನಲ್ಲಿ ಮುಳುಗಲೆಂದು ಗಾಳದ ದಾರಕ್ಕೆ ಒತ್ತಿ ಕೂರಿಸುವ ಸೀಸದ ಗುಂಡುಗಳನ್ನು ನಾವು ಇನ್ನು ಮಾರುವುದಿಲ್ಲ. ಉಳಿದಿದ್ದ ಡಬ್ಬಿಗಳನ್ನೂ ಕಪಾಟಿನಿಂದ ತೆಗೆದಿದ್ದೇವೆ. ಆ ಜಾಗಕ್ಕೆ ತವರದ ಗುಂಡು ಮತ್ತು ಟಂಗ್‌ಸ್ಟನ್ ಎಂಬ ಭಾರ ಲೋಹದ ಪುಡಿ ಬೆರೆಸಿದ ಮೇಣ ಬಂದಿವೆ. ಕೋಲು, ದಾರ, ಬೆಂಡು, ಕೊಕ್ಕೆ ಎಲ್ಲ ಮೊದಲಿನಂತೆಯೇ ಸಿಗುತ್ತವೆ.

ಬೆಟ್ಟದ ಹಳ್ಳದಲ್ಲಿ ಬೆರಳುದ್ದದ ಮೀನು ಹಿಡಿಯುವವರಿಗೆ ಇದೆಲ್ಲ ಯಾಕೆ ಎಂದು ಕೆಲವರು ಆಗಲೇ ಕೇಳಿದ್ದಾರೆ. ನ್ಯಾಯವಾದ ಪ್ರಶ್ನೆಯೇ. ನಾವು ಬಳಸುವ ಗುಂಡು ಸಾಸಿವೆ ಕಾಳಿನಷ್ಟು. 8ನೇ ನಂಬರಿನದು 0.06 ಗ್ರಾಂ, 10ನೇ ನಂಬರಿನದು 0.04 ಗ್ರಾಂ. ಇಷ್ಟರಿಂದ ಏನಾಗುತ್ತದೆ ಅನ್ನಿಸುವುದು ಸಹಜ.

ಹಂಸಗಳ ಕಥೆ ನಿಮ್ಮಲ್ಲಿ ಹಲವರಿಗೆ ಗೊತ್ತಿರಬಹುದು. ಹಕ್ಕಿಗಳು ತಿಂದದ್ದನ್ನು ಅರೆಯಲು ಸಣ್ಣ ಕಲ್ಲು ನುಂಗುತ್ತವೆ. ಕಲ್ಲಿನ ಜೊತೆ ಗಾಳದವರು ಬಿಟ್ಟುಹೋದ ಸೀಸವೂ ಹೊಟ್ಟೆ ಸೇರುತ್ತದೆ. ಅಲ್ಲಿ ಅದು ಸವೆದು, ಆಮ್ಲದಲ್ಲಿ ಕರಗಿ ರಕ್ತಕ್ಕೆ ಇಳಿಯುತ್ತದೆ. ಸ್ನಾಯುಗಳು ಸೋತು, ಹಂಸ ಕತ್ತು ಎತ್ತಲಾರದೆ ಸಾಯುತ್ತದೆ. ಬ್ರಿಟನ್ನಿನಲ್ಲಿ 1987ರಲ್ಲಿ ಸೀಸದ ಗುಂಡು ನಿಷೇಧವಾದದ್ದು ಇದೇ ಕಾರಣಕ್ಕೆ. ಆದರೆ ಆ ನಿಷೇಧ 0.06 ಗ್ರಾಂಗಿಂತ ಹೆಚ್ಚು ತೂಕದ ಗುಂಡುಗಳಿಂದ ಶುರುವಾಗುತ್ತದೆ. ಅಂದರೆ ನಾವು ಜಾಸ್ತಿ ಮಾರುತ್ತಿದ್ದ ಸಣ್ಣ ಗುಂಡುಗಳಿಗೆ ಅಲ್ಲೂ ಅಡ್ಡಿ ಇಲ್ಲ. ಕೆನಡಾ 1997ರಲ್ಲಿ ತನ್ನ ರಾಷ್ಟ್ರೀಯ ಉದ್ಯಾನಗಳಲ್ಲಿ 50 ಗ್ರಾಂಗಿಂತ ಕಡಿಮೆ ತೂಕದ ಸೀಸವನ್ನು ನಿಲ್ಲಿಸಿತು. ಅಲ್ಲಿ ಸಣ್ಣದಕ್ಕೂ ರಿಯಾಯಿತಿ ಇಲ್ಲ.

ಹಕ್ಕಿಗಳ ಮಾತು ಹಾಗಿರಲಿ. ನಮ್ಮನ್ನು ಹೆಚ್ಚು ಕಾಡಿದ್ದು ಹಲ್ಲು. ಗುಂಡಿನ ಸೀಳಿಗೆ ದಾರ ಸೇರಿಸಿ, ಬಾಯಿಗಿಟ್ಟು ಕಚ್ಚಿ ಮುಚ್ಚುವುದು ಗಾಳದವರ ಹಳೇ ಅಭ್ಯಾಸ. ಒಂದು ಕೈಯಲ್ಲಿ ಕೋಲು ಇರುತ್ತದೆ, ಕಾಲ ಕೆಳಗೆ ಜಾರುವ ಬಂಡೆ. ಇಕ್ಕಳ ಹುಡುಕುತ್ತಾ ಕೂರುವವರು ಯಾರು? ಸಣ್ಣ ಮೀನಿನ ಗಾಳ ಮಕ್ಕಳು ಮೊದಲು ಕಲಿಯುವ ಗಾಳವೂ ಹೌದು. ದೊಡ್ಡವರು ಮಾಡಿದ್ದನ್ನೇ ಅವರೂ ಮಾಡುತ್ತಾರೆ. ಮಕ್ಕಳ ಮೈಗೆ ಇಷ್ಟು ಸೀಸ ಸೇರಿದರೆ ಪರವಾಗಿಲ್ಲ ಎನ್ನುವ ಮಟ್ಟವೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಡಬ್ಬಿಯ ಮೇಲೆ ಎಚ್ಚರಿಕೆ ಅಂಟಿಸಿ ಸುಮ್ನಿರಬಹುದಿತ್ತು. ಹಳ್ಳದಲ್ಲಿ ನಿಂತವರು ಚೀಟಿ ಓದುವುದಿಲ್ಲ, ಅಲ್ವಾ?

ತವರದ ಗುಂಡನ್ನೂ ದಯವಿಟ್ಟು ಕಚ್ಚಬೇಡಿ. ಅದರಲ್ಲಿ ಸೀಸದಂಥ ವಿಷ ಇಲ್ಲ, ಆದರೆ ಹಲ್ಲು ನಿಮ್ಮದು.

ಇನ್ನು ಬಳಕೆಯ ವಿಷಯ. ತವರ ಸೀಸದಂತೆ ನಡೆದುಕೊಳ್ಳುವುದಿಲ್ಲ, ಇದನ್ನು ಮೊದಲೇ ಹೇಳಿಬಿಡುತ್ತೇವೆ. ಒಂದು ಘನ ಸೆಂಟಿಮೀಟರ್ ಸೀಸ 11.3 ಗ್ರಾಂ ತೂಗಿದರೆ ತವರ 7.3 ಗ್ರಾಂ. ಅದೇ ಗಾತ್ರದ ಗುಂಡು ಹಾಕಿದರೆ ತೂಕ ಮೂರರಲ್ಲಿ ಎರಡು ಪಾಲಿಗಿಂತಲೂ ಸ್ವಲ್ಪ ಕಡಿಮೆ. ಅದೇ ತೂಕ ಬೇಕೆಂದರೆ ಗುಂಡು ತುಸು ದಪ್ಪ. ನಿಂತ ನೀರಿನಲ್ಲಿ ಇದು ಗೊತ್ತೇ ಆಗುವುದಿಲ್ಲ. ಜಲಪಾತದ ಕೆಳಗಿನ ಮಡುವಿನಲ್ಲಿ ಗೊತ್ತಾಗುತ್ತದೆ. ದಪ್ಪ ಗುಂಡನ್ನು ನೀರು ಹೆಚ್ಚು ತಳ್ಳುತ್ತದೆ. ಎರೆ ತಳ ಮುಟ್ಟುವ ಮೊದಲೇ ಮುಂದೆ ಹೋಗಿರುತ್ತದೆ.

ಇದಕ್ಕೆ ಮೊದಲ ಉಪಾಯ ಕೋಲಿನಲ್ಲೇ ಇದೆ. ದಾರ ಸುತ್ತುವ ರೀಲಿನ ಗಾಳದವರಿಗಿಲ್ಲದ ಅನುಕೂಲ ಬರೀ ಕೋಲು ಹಿಡಿಯುವ ನಮಗಿದೆ. ಕೋಲಿನ ತುದಿ ಎತ್ತಿ ಹಿಡಿದರೆ ದಾರದ ಬಹುಪಾಲು ನೀರಿನಿಂದ ಮೇಲೆಯೇ ಉಳಿಯುತ್ತದೆ. ಮೇಲಿನ ವೇಗದ ಸೆಳೆತಕ್ಕೆ ಸಿಗುವ ದಾರ ಕಡಿಮೆಯಾದಷ್ಟೂ ಕಡಿಮೆ ತೂಕ ಸಾಕು. ಹೆಚ್ಚಿನವರು ಬೇಕಾದದ್ದಕ್ಕಿಂತ ಜಾಸ್ತಿ ಗುಂಡು ಹಾಕುತ್ತಾರೆ ಎಂಬುದು ನಮ್ಮ ಅನಿಸಿಕೆ.

ಎರಡನೆಯದು, ನೀರು ಬೀಳುವ ಜಾಗಕ್ಕೇ ಎರೆ ಹಾಕುವ ಆಸೆ ಬಿಡಿ. ಬಿಳಿ ನೊರೆ ಕುದಿಯುವಲ್ಲಿ ಸಣ್ಣ ಮೀನಿಗೆ ನಿಲ್ಲಲು ಆಗುವುದಿಲ್ಲ. ಅವು ಮಡುವಿನ ಅಂಚಿನಲ್ಲಿ, ಬಂಡೆಯ ಹಿಂದೆ, ವೇಗದ ನೀರು ನಿಧಾನದ ನೀರನ್ನು ಉಜ್ಜಿ ಹೋಗುವ ಗೆರೆಯಲ್ಲಿ ಕಾಯುತ್ತವೆ. ಹೆಚ್ಚು ಕಷ್ಟಪಡದೆ ನಿಂತು, ಸೆಳೆತದಲ್ಲಿ ಬಂದದ್ದನ್ನು ಬಾಯಿಗೆ ಹಾಕಿಕೊಳ್ಳಲು ಅದೇ ಒಳ್ಳೆಯ ಜಾಗ. ಗೆರೆಯ ಮೇಲ್ತುದಿಯಲ್ಲಿ ಎರೆ ಇಳಿಸಿ ಹರಿಯಲು ಬಿಟ್ಟರೆ ತವರದ ಒಂದೆರಡು ಗುಂಡು ಧಾರಾಳ. ಒಂದೇ ದೊಡ್ಡ ಗುಂಡಿನ ಬದಲು ಎರಡು ಮೂರು ಚಿಕ್ಕವನ್ನು ಬಿಡಿಬಿಡಿಯಾಗಿ ಹಾಕಿ. ಕೊನೆಯದು ಕೊಕ್ಕೆಯಿಂದ ಒಂದು ಗೇಣಿನಷ್ಟು ಮೇಲಿರಲಿ. ಎರೆ ನೀರಿನ ಜೊತೆಗೇ ಹೋಗುತ್ತದೆ, ಮೀನಿಗೆ ಅನುಮಾನ ಬರುವುದಿಲ್ಲ.

ಅಷ್ಟಕ್ಕೂ ಇಳಿಯದಿದ್ದರೆ ಟಂಗ್‌ಸ್ಟನ್ ಮೇಣ. ಟಂಗ್‌ಸ್ಟನ್ ಸೀಸಕ್ಕಿಂತ ಎಷ್ಟೋ ಭಾರ, ಘನ ಸೆಂಟಿಮೀಟರಿಗೆ 19.3 ಗ್ರಾಂ. ಮೇಣದಲ್ಲಿ ಅದರ ಪುಡಿ ಬೆರೆತಿರುವುದರಿಂದ ಅಷ್ಟು ತೂಕ ಬರುವುದಿಲ್ಲ. ಆದರೂ ತವರದ ಕೊರತೆ ತುಂಬುತ್ತದೆ. ಗುಂಡಿನ ಸುತ್ತ ಅಥವಾ ಗಂಟಿನ ಮೇಲೆ ಒಂದು ಚಿಟಿಕೆ ಒತ್ತಿ. ಬರೀ ದಾರಕ್ಕೆ ಮೆತ್ತಿದರೆ ಜಾರುತ್ತದೆ. ತಣ್ಣನೆಯ ನೀರಿನಲ್ಲಿ ಅದು ಗಟ್ಟಿಯಾಗುತ್ತದೆ, ಹಾಗಾಗಿ ಬೆರಳಲ್ಲಿ ಚೆನ್ನಾಗಿ ನಾದಿ ಬಿಸಿ ಮಾಡಿಕೊಳ್ಳಿ. ಮುಂದಿನ ಮಡು ಆಳವಿಲ್ಲದಿದ್ದರೆ ಸ್ವಲ್ಪ ಕಿತ್ತು ಡಬ್ಬಿಗೆ ಹಾಕಿ. ನಿಜ ಹೇಳಬೇಕೆಂದರೆ ನಮಗೆ ಗುಂಡಿಗಿಂತ ಇದೇ ಇಷ್ಟವಾಗಿದೆ. ಬೆಲೆ ಸೀಸಕ್ಕಿಂತ ಜಾಸ್ತಿ, ಅದನ್ನು ಮುಚ್ಚಿಡುವುದಿಲ್ಲ. ಕೆಳಗೆ ಬೀಳಿಸದಿದ್ದರೆ ತುಂಬಾ ದಿನ ಬರುತ್ತದೆ.

ತವರ ಸೀಸಕ್ಕಿಂತ ಕೊಂಚ ಬಿರುಸು. ಒತ್ತುವ ಮೊದಲು ದಾರ ಒದ್ದೆ ಮಾಡಿ, ಇಕ್ಕಳದಲ್ಲಿ ಹಗುರವಾಗಿ ಒತ್ತಿ. ಕೂರಿಸಿದ ಮೇಲೆ ಎಳೆದು ಸರಿಸಬೇಡಿ, ತೆಳು ದಾರ ಅಲ್ಲೇ ಸವೆದು ತುಂಡಾಗುತ್ತದೆ.

ಮನೆಯಲ್ಲಿರುವ ಹಳೆಯ ಸೀಸವನ್ನು ತಂದುಕೊಡಿ. ನಮ್ಮಲ್ಲೇ ಕೊಂಡದ್ದಾಗಿರಬೇಕಿಲ್ಲ. ಅಷ್ಟೇ ತೂಕದ ತವರ ಕೊಡುತ್ತೇವೆ, ಸೀಸವನ್ನು ಮರುಬಳಕೆಗೆ ಕಳಿಸುತ್ತೇವೆ. ಕಸಕ್ಕೆ ಎಸೆಯಬೇಡಿ. ಮನೆಯಲ್ಲಿ ಕರಗಿಸಲು ಹೋಗಲೇಬೇಡಿ, ಅದರ ಹೊಗೆ ಮತ್ತು ಧೂಳು ಕೆಟ್ಟದ್ದು.

ಇನ್ನೊಂದು ವಿಷಯ. ಹೊಸ ಡಬ್ಬಿಗಳ ಮೇಲೆ ನಂಬರ್ ಇರುವುದಿಲ್ಲ, ಗ್ರಾಂ ಮಾತ್ರ ಬರೆದಿರುತ್ತದೆ. 8ನೇ ನಂಬರ್ ಬಳಸುತ್ತಿದ್ದವರು 0.06, 6ನೇ ನಂಬರಿನವರು 0.1, 4ನೇ ನಂಬರಿನವರು 0.2 ಎಂದಿರುವ ಡಬ್ಬಿ ಕೇಳಿ. ಗಾತ್ರ ನೋಡಿ ಆರಿಸಿದರೆ ತೂಕ ತಪ್ಪುತ್ತದೆ.

ವಂದನೆಗಳೊಂದಿಗೆ,
ನಿಮ್ಮ ಗಾಳದ ಸಾಮಾನಿನ ಸಹಕಾರಿಯವರು