ಲಲಿತಾ ಪವಾರ್ ಎಂದರೆ ಬರೀ ಮಂಥರೆಯಲ್ಲ

ಮಾನ್ಯ ಸಂಪಾದಕರೇ,

ಹಿಂದಿ ಚಿತ್ರರಂಗದ ಪೋಷಕ ನಟಿ ಲಲಿತಾ ಪವಾರ್ ಅವರ ಹೆಸರು ಬಂದಾಗಲೆಲ್ಲ ನಮ್ಮ ಕನ್ನಡ ಬರಹಗಳಲ್ಲಿ ಎರಡೇ ಸಂಗತಿಗಳು ಮರಳಿ ಮರಳಿ ಕಾಣಿಸುತ್ತವೆ. ಒಂದು, ಚಿತ್ರೀಕರಣದಲ್ಲಿ ಅವರ ಕೆನ್ನೆಗೆ ಬಿದ್ದ ಏಟು. ಇನ್ನೊಂದು, ದೂರದರ್ಶನದ ಮಂಥರೆ. ಏಟಿನಿಂದ ಎಡಗಣ್ಣು ಕಿರಿದಾಯಿತು, ಕಣ್ಣು ಕಿರಿದಾದದ್ದರಿಂದ ಕೆಟ್ಟ ಅತ್ತೆಯ ಪಾತ್ರಗಳು ಬಂದವು ಎಂಬಲ್ಲಿಗೆ ಬರಹ ಮುಗಿದುಹೋಗುತ್ತದೆ. ಎಪ್ಪತ್ತು ದಾಟಿದ ವಯಸ್ಸಿನಲ್ಲೂ ಕ್ಯಾಮೆರಾ ಮುಂದೆ ನಿಂತ ಕಲಾವಿದೆಯ ಬದುಕನ್ನು ಒಂದು ಅಪಘಾತಕ್ಕೆ ಇಳಿಸಿಬಿಡುವುದು ಸರಿಯಲ್ಲ. ಏಟು ಬಿದ್ದದ್ದು 1942ರಲ್ಲಿ. ಆ ಹೊತ್ತಿಗೆ ಅವರು ಹದಿನಾಲ್ಕು ವರ್ಷ ಚಿತ್ರಗಳಲ್ಲಿ ನಟಿಸಿ ಪಳಗಿದ್ದರು. ಆ ಹದಿನಾಲ್ಕು ವರ್ಷಗಳ ವಿದ್ಯೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಮುಂದಿನ ಪಾತ್ರಗಳನ್ನು ಅರ್ಥ ಮಾಡಿಕೊಳ್ಳಲು ಬರುವುದಿಲ್ಲ.

ಅವರು ಹುಟ್ಟಿದ್ದು 1916ರ ಏಪ್ರಿಲ್ 18ರಂದು, ನಾಸಿಕ್ ಜಿಲ್ಲೆಯ ಯೇವಲಾದಲ್ಲಿ. ಹುಟ್ಟು ಹೆಸರು ಅಂಬಾ ಸಗುಣ. 1928ರಲ್ಲಿ, ಇನ್ನೂ ಬಾಲಕಿಯಾಗಿದ್ದಾಗಲೇ, ಮೂಕಿಚಿತ್ರದಲ್ಲಿ ಕಾಣಿಸಿಕೊಂಡರು. 1932ರ ‘ಕೈಲಾಸ್’ ಎಂಬ ಮೂಕಿಚಿತ್ರದಲ್ಲಿ ನಟಿಸಿದ್ದಲ್ಲದೆ ಅದರ ನಿರ್ಮಾಣದಲ್ಲೂ ಪಾಲು ಹೊಂದಿದ್ದರು. ಮೂವತ್ತರ ದಶಕದ ಕೊನೆಯ ಹೊತ್ತಿಗೆ ‘ದುನಿಯಾ ಕ್ಯಾ ಹೈ’ ಎಂಬ ವಾಕ್ಚಿತ್ರವನ್ನೂ ತಯಾರಿಸಿದರು. ಇಪ್ಪತ್ತರ ಆಸುಪಾಸಿನಲ್ಲೇ ಒಬ್ಬ ಹೆಣ್ಣುಮಗಳು ಎರಡು ಚಿತ್ರಗಳ ನಿರ್ಮಾಣದಲ್ಲಿ ಕೈಯಿಟ್ಟಿದ್ದಳು ಎಂಬುದನ್ನು ನಮ್ಮ ಬರಹಗಳು ಒಂದು ಸಾಲಿನಲ್ಲಾದರೂ ಹೇಳಬೇಕಲ್ಲವೇ? ಮಾತಿಲ್ಲದ ಚಿತ್ರದಲ್ಲಿ ಸಿಟ್ಟು, ಸಂಶಯ, ಮರುಕ ಎಲ್ಲವನ್ನೂ ಹುಬ್ಬು, ತುಟಿ, ಕತ್ತು, ಕೈಗಳಿಂದಲೇ ಮುಟ್ಟಿಸಬೇಕು. ಅವರ ಪಾಠಶಾಲೆ ಅದು.

ನಟ ಮಾಸ್ಟರ್ ಭಗವಾನ್ ಅವರೊಂದಿಗಿನ ದೃಶ್ಯದಲ್ಲಿ ಏಟು ಜೋರಾಗಿ ಬಿತ್ತು. ಮುಖದ ಎಡಭಾಗಕ್ಕೆ ಪಾರ್ಶ್ವವಾಯು ಬಡಿಯಿತು, ಎಡಗಣ್ಣಿನ ರಕ್ತನಾಳ ಒಡೆಯಿತು. ವರ್ಷಗಟ್ಟಲೆ ಚಿಕಿತ್ಸೆ ನಡೆದ ಮೇಲೂ ಎಡಗಣ್ಣು ಕಿರಿದಾಗಿಯೇ ಉಳಿಯಿತು. ನಾಯಕಿಯ ಪಾತ್ರಗಳು ಕೈತಪ್ಪಿದ್ದು ಇದರಿಂದಲೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಆಮೇಲೆ ಆ ಮುಖದಿಂದ ಅವರು ಏನು ಮಾಡಿದರು ಎಂಬುದನ್ನು ಚಿತ್ರ ನಿಲ್ಲಿಸಿ ನಿಲ್ಲಿಸಿ ನೋಡಿದರೆ ಒಂದು ಕ್ರಮ ಗೋಚರಿಸುತ್ತದೆ. ಬಲಹುಬ್ಬನ್ನು ಎತ್ತಿದರೆ ಬಲಗಣ್ಣು ಇನ್ನೂ ಅಗಲವಾಗುತ್ತದೆ, ಎಡಗಣ್ಣು ಇದ್ದಷ್ಟೇ ಇರುತ್ತದೆ. ಎರಡರ ನಡುವಿನ ವ್ಯತ್ಯಾಸ ಹೆಚ್ಚುತ್ತದೆ, ನೋಡುವವರಿಗೆ ಅದು ಸಂಶಯವಾಗಿ, ಕುತಂತ್ರವಾಗಿ ಕಾಣುತ್ತದೆ. ಅದೇ ಮನಸಾರೆ ನಕ್ಕಾಗ ಕೆನ್ನೆಗಳೆರಡೂ ಮೇಲೇರಿ ಬಲಗಣ್ಣೂ ಕಿರಿದಾಗುತ್ತದೆ, ವ್ಯತ್ಯಾಸ ಹೆಚ್ಚುಕಡಿಮೆ ಅಳಿಸಿಹೋಗುತ್ತದೆ. ಕ್ರೂರ ಅತ್ತೆಯೂ ಅಕ್ಕರೆಯ ತಾಯಿಯೂ ಒಂದೇ ಮುಖದಿಂದ ಹೊರಟದ್ದರ ಗುಟ್ಟು ಇಲ್ಲಿದೆ. ನೇರ ಮುಖದ ಸಮೀಪ ಚಿತ್ರಿಕೆಗಿಂತ ಮುಖವನ್ನು ತುಸು ಓರೆ ಮಾಡಿದಾಗ, ಯಾವ ಕಣ್ಣು ಕ್ಯಾಮೆರಾಕ್ಕೆ ಹತ್ತಿರವಿದೆ ಎಂಬುದರ ಮೇಲೆ ಇಡೀ ದೃಶ್ಯದ ಬಣ್ಣ ಬದಲಾಗುತ್ತದೆ. ಹೀಗಾಗಿ ಅವರ ವಿಷಯದಲ್ಲಿ ಕಣ್ಣಷ್ಟೇ ನಟಿಸಿತು ಎನ್ನುವುದು ತಪ್ಪು. ಕಣ್ಣನ್ನು ಎಲ್ಲಿ ಬಳಸಬೇಕು, ಎಲ್ಲಿ ಮರೆಸಬೇಕು ಎಂಬ ಲೆಕ್ಕ ಮೂಕಿಯ ಕಾಲದಿಂದ ಬಂದ ಅನುಭವಿಯದು.

ಕೆಟ್ಟ ಹೆಂಗಸಿನ ಪಾತ್ರಗಳನ್ನೇ ತೆಗೆದುಕೊಳ್ಳೋಣ. 1944ರಲ್ಲಿ ಪುಣೆಯ ಪ್ರಭಾತ್ ಕಂಪನಿ ತೆಗೆದ ‘ರಾಮಶಾಸ್ತ್ರಿ’ಯಲ್ಲಿ ಅವರದು ಪೇಶ್ವೆ ಮನೆತನದ ಆನಂದಿಬಾಯಿ. 1950ರ ‘ದಹೇಜ್’ನಲ್ಲಿ ವರದಕ್ಷಿಣೆಗಾಗಿ ಸೊಸೆಯನ್ನು ಪೀಡಿಸುವ ಅತ್ತೆ. (ಅದರ ನಿರ್ದೇಶಕ ವಿ. ಶಾಂತಾರಾಂ ಹುಡುಗನಾಗಿದ್ದಾಗ ನಮ್ಮ ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿ ದುಡಿದವರು.) 1959ರಲ್ಲಿ ಬಿಮಲ್ ರಾಯ್ ಅವರ ‘ಸುಜಾತಾ’ದಲ್ಲಿ ಜಾತಿಯ ಮಡಿವಂತಿಕೆ ಬಿಡದ ಹಿರಿಯಳು. ಮೂರನ್ನೂ ಸಾಲಾಗಿ ನೋಡಿದವರಿಗೆ ಒಂದು ಮಾತು ಸ್ಪಷ್ಟವಾಗುತ್ತದೆ: ಮೂವರಲ್ಲಿ ಯಾರೂ ತಮ್ಮನ್ನು ಕೆಟ್ಟವರೆಂದು ಭಾವಿಸಿಲ್ಲ. ಒಬ್ಬಳು ಗಂಡನ ಅಧಿಕಾರಕ್ಕಾಗಿ, ಇನ್ನೊಬ್ಬಳು ಮನೆಯ ಮರ್ಯಾದೆಗಾಗಿ, ಮತ್ತೊಬ್ಬಳು ಕುಲದ ಶುದ್ಧಿಗಾಗಿ ಹೋರಾಡುತ್ತಿದ್ದೇನೆ ಎಂದೇ ನಂಬಿದ್ದಾಳೆ. ಹಲ್ಲು ಕಡಿದು, ಕಣ್ಣು ಉರುಳಿಸಿ ಖಳತನ ತೋರುವವರು ಆ ಕಾಲದಲ್ಲಿ ಬಹಳ ಮಂದಿ ಇದ್ದರು. ಪವಾರ್ ಅವರ ಅತ್ತೆಯಂದಿರು ಹೆದರಿಸುವುದು ಅವರು ನಮ್ಮ ಮನೆಗಳಲ್ಲೇ ಓಡಾಡುವ ಹೆಂಗಸರಂತೆ ಇರುವುದರಿಂದ. ‘ಸುಜಾತಾ’ದ ಹಿರಿಯಳು ಎತ್ತರದ ದನಿಯಲ್ಲಿ ಕೂಗಾಡಿದ್ದರೆ ನೋಡುವವರು ಅವಳನ್ನು ಸುಲಭವಾಗಿ ದೂರ ಇಡುತ್ತಿದ್ದರು. ಅಷ್ಟು ಸುಲಭವನ್ನು ಅವರು ನಮಗೆ ಕೊಡುವುದಿಲ್ಲ.

1955ರ ‘ಮಿಸ್ಟರ್ ಅಂಡ್ ಮಿಸೆಸ್ 55’ ಚಿತ್ರವನ್ನು ಇಲ್ಲಿ ಬಿಡುವಂತಿಲ್ಲ. ನಿರ್ದೇಶಕ ಗುರುದತ್ ಹುಟ್ಟಿದ್ದು ಬೆಂಗಳೂರಿನಲ್ಲಿ. ಪವಾರ್ ಅವರು ಅದರಲ್ಲಿ ಸೀತಾದೇವಿ, ಮಧುಬಾಲಾ ಪಾತ್ರದ ಸೋದರತ್ತೆ. ಗಂಡಸರನ್ನು ನಂಬದವಳು, ವಿಚ್ಛೇದನದ ಹಕ್ಕಿಗಾಗಿ ಸಭೆ ನಡೆಸುವವಳು. ಹಿಂದೂ ವಿವಾಹ ಕಾಯ್ದೆ ಬಂದದ್ದು ಅದೇ ವರ್ಷ. ಚಿತ್ರಕಥೆ ಅವಳ ನಿಲುವನ್ನು ಗೇಲಿ ಮಾಡುತ್ತದೆ, ಇವತ್ತಿಗೆ ಅದು ಚಿತ್ರದ ದೊಡ್ಡ ಕೊರತೆಯೇ. ಆದರೆ ನಟಿ ಗೇಲಿಗೆ ಒಳಗಾಗುವುದಿಲ್ಲ. ಬೆನ್ನು ನೆಟ್ಟಗೆ, ಗಲ್ಲ ತುಸು ಮೇಲಕ್ಕೆ, ಮಾತಿಗೂ ಮಾತಿಗೂ ನಡುವೆ ಅಳೆದಿಟ್ಟ ಬಿಡುವು. ನೀನು ಕಮ್ಯುನಿಸ್ಟನೋ ಎಂದು ಅವಳು ಕೇಳುವುದು, ಅಲ್ಲ, ಕಾರ್ಟೂನಿಸ್ಟ್ ಎಂದು ಗುರುದತ್ ಹೇಳುವುದು ಇವತ್ತಿಗೂ ಜನ ನೆನೆಯುವ ಮಾತು. ಮೆಚ್ಚುಗೆಯೆಲ್ಲ ಉತ್ತರಕ್ಕೆ ಸಲ್ಲುತ್ತದೆ. ಪ್ರಶ್ನೆಯನ್ನು ನಗೆಯ ಸುಳಿವೂ ಇಲ್ಲದೆ, ನ್ಯಾಯಾಧೀಶೆಯ ಗತ್ತಿನಲ್ಲಿ ಕೇಳದಿದ್ದರೆ ಆ ಉತ್ತರಕ್ಕೆ ನಗೆ ಹುಟ್ಟುತ್ತಲೇ ಇರಲಿಲ್ಲ. ಪೋಷಕ ನಟರ ದುಡಿಮೆ ಹೆಚ್ಚಾಗಿ ಇಂಥದ್ದು: ಚಪ್ಪಾಳೆ ಎದುರಿನವರಿಗೆ ಹೋಗುವಂತೆ ಚೆಂಡು ಎಸೆಯುವುದು.

ಅದೇ ವರ್ಷದ ‘ಶ್ರೀ 420’ಯಲ್ಲಿ ಅವರು ಮುಂಬಯಿಯ ಬೀದಿಬದಿಯಲ್ಲಿ ಬಾಳೆಹಣ್ಣು ಮಾರುವ ಗಂಗಾಮಾಯಿ. ಒಂದೇ ವರ್ಷದಲ್ಲಿ ಬಂಗಲೆಯ ಸೀತಾದೇವಿ, ಫುಟ್‌ಪಾತಿನ ಗಂಗಾಮಾಯಿ! ಎರಡನ್ನೂ ಒಂದು ವಾರದೊಳಗೆ ನೋಡಿ. ಕೂರುವ ಬಗೆ ಬೇರೆ, ಸೆರಗು ಹಿಡಿಯುವ ಕೈ ಬೇರೆ, ಉಸಿರು ತೆಗೆದುಕೊಳ್ಳುವ ಜಾಗ ಕೂಡ ಬೇರೆ.

ನಾಲ್ಕು ವರ್ಷ ಬಿಟ್ಟು ಹೃಷಿಕೇಶ್ ಮುಖರ್ಜಿಯವರ ‘ಅನಾಡಿ’ ಬಂತು. ನನ್ನ ಮಟ್ಟಿಗೆ ಅವರ ಎಲ್ಲ ಪಾತ್ರಗಳಲ್ಲಿ ಎತ್ತರದ್ದು ಇದೇ, ಮಿಸೆಸ್ ಡಿಸಾ. ರಾಜ್ ಕಪೂರ್ ಪಾತ್ರಕ್ಕೆ ಮನೆ ಬಾಡಿಗೆಗೆ ಕೊಟ್ಟ ಕ್ರೈಸ್ತ ಹೆಂಗಸು. ಬೈಯುತ್ತಲೇ ಉಣಿಸುವವಳು. ಕೊನೆಗೆ ಕಂಪನಿಯೊಂದರ ದೋಷಪೂರಿತ ಔಷಧಿ ಸೇವಿಸಿ ಸಾಯುತ್ತಾಳೆ. ಮುದ್ದುಮಾತಿಲ್ಲದೆ ಪ್ರೀತಿ ತೋರಿಸುವುದು ಎಷ್ಟು ಕಷ್ಟವೆಂದು ನಟನೆ ಬಲ್ಲವರಿಗೆ ಗೊತ್ತು. ಬೈಗುಳ ಒಂಚೂರು ಹೆಚ್ಚಾದರೆ ಗಯ್ಯಾಳಿ, ಒಂಚೂರು ಕಡಿಮೆಯಾದರೆ ನಾಟಕದ ತಾಯಿ. ಅವರು ಬೈಗುಳವನ್ನು ಬಾಯಲ್ಲಿಟ್ಟು, ಅಕ್ಕರೆಯನ್ನು ಕೈಕೆಲಸಕ್ಕೆ ಬಿಡುತ್ತಾರೆ. ಹಾಗಾಗಿ ಆ ದೃಶ್ಯಗಳಲ್ಲಿ ಮುಖಕ್ಕಿಂತ ಕೈಗಳನ್ನು ನೋಡಬೇಕು. ಈ ಪಾತ್ರಕ್ಕೆ ಅವರಿಗೆ ಫಿಲ್ಮ್‌ಫೇರ್‌ನ ಅತ್ಯುತ್ತಮ ಪೋಷಕ ನಟಿ ಪ್ರಶಸ್ತಿ ಬಂತು. 1961ರಲ್ಲಿ ಸಂಗೀತ ನಾಟಕ ಅಕಾಡೆಮಿಯ ಗೌರವವೂ ಸಂದಿತು. ‘ಸುಜಾತಾ’ ಕೂಡ 1959ರದ್ದೇ ಎಂಬುದನ್ನು ಜೊತೆಗಿಟ್ಟು ನೋಡಿ: ಆ ಒಂದೇ ವರ್ಷ ಅವರು ಒಂದು ಕಡೆ ಮುಟ್ಟಿಸಿಕೊಳ್ಳದ ಹಿರಿಯಳು, ಇನ್ನೊಂದು ಕಡೆ ಯಾರದೋ ಮಗನನ್ನು ತನ್ನವನೆಂದುಕೊಂಡ ಮುದುಕಿ.

1962ರ ‘ಪ್ರೊಫೆಸರ್’ ಬಗ್ಗೆ ಬರೆಯುವವರು ಶಮ್ಮಿ ಕಪೂರ್ ತೊಟ್ಟ ಮುದುಕ ಪ್ರೊಫೆಸರನ ವೇಷದ ಬಗ್ಗೆಯೇ ಬರೆಯುತ್ತಾರೆ. ಬಿಗಿ ಶಿಸ್ತಿನ ಮನೆಯೊಡತಿ ಆ ಸುಳ್ಳು ಮುದುಕನಿಗೆ ಮನಸೋಲುತ್ತಾಳಲ್ಲ, ಆ ಭಾಗ ಯಾರ ಕೈಯಲ್ಲಾದರೂ ಅಪಹಾಸ್ಯವಾಗುತ್ತಿತ್ತು. ಪವಾರ್ ಅವರು ಅವಳ ನಾಚಿಕೆಯನ್ನು ನಿಜವೆಂದೇ ನಟಿಸಿದ್ದಾರೆ. ನಗುತ್ತಿದ್ದ ಪ್ರೇಕ್ಷಕ ಒಂದು ಗಳಿಗೆಯಲ್ಲಿ ನಗು ನಿಲ್ಲಿಸಬೇಕಾಗುತ್ತದೆ.

ಇನ್ನು ಮಂಥರೆ. ಈ ಪಾತ್ರವನ್ನು ಅವರು 1961ರ ‘ಸಂಪೂರ್ಣ ರಾಮಾಯಣ’ ಚಿತ್ರದಲ್ಲೇ ಮಾಡಿದ್ದರು. 1987ರ ಜನವರಿ 25ರಿಂದ 1988ರ ಜುಲೈ 31ರವರೆಗೆ ಭಾನುವಾರ ಬೆಳಗ್ಗೆ ದೂರದರ್ಶನದಲ್ಲಿ ಬಂದ ರಮಾನಂದ ಸಾಗರ್ ಅವರ ಧಾರಾವಾಹಿಗೆ ಅದೇ ಪಾತ್ರಕ್ಕೆ ಮರಳಿದಾಗ ಅವರಿಗೆ ಎಪ್ಪತ್ತರ ಆಸುಪಾಸು. ವಾಲ್ಮೀಕಿಯಲ್ಲಿ ಮಂಥರೆಯ ಮಾತಿಗೆ ಮೆಟ್ಟಿಲುಗಳಿವೆ: ಪಟ್ಟಾಭಿಷೇಕದ ಸುದ್ದಿ ಕೇಳಿ ಸಂತೋಷದಿಂದ ಕೈಕೇಯಿ ಕೊಟ್ಟ ಒಡವೆಯನ್ನು ಎಸೆಯುತ್ತಾಳೆ, ಕೌಸಲ್ಯೆಯ ಮುಂದೆ ಕೈಕಟ್ಟಿ ನಿಲ್ಲಬೇಕಾದೀತೆಂದು ಹೆದರಿಸುತ್ತಾಳೆ, ಭರತನಿಗೆ ಬರುವ ಅಪಾಯ ಹೇಳುತ್ತಾಳೆ, ಆಮೇಲಷ್ಟೇ ಎರಡು ವರಗಳ ನೆನಪು. ಮೊದಲ ಮೆಟ್ಟಿಲಲ್ಲೇ ಹಗೆ ತೋರಿಸಿಬಿಟ್ಟರೆ ಕೈಕೇಯಿ ನಂಬಿದ್ದೇಕೆ ಎಂಬ ಪ್ರಶ್ನೆ ಉಳಿದುಬಿಡುತ್ತದೆ. ಬಹಳ ನಾಟಕಗಳಲ್ಲಿ ಮಂಥರೆ ಸೋಲುವುದು ಇಲ್ಲೇ. ಪವಾರ್ ಅವರ ಮಂಥರೆಯಲ್ಲಿ ಮೊದಲು ಕಾಣುವುದು ತಾನು ಎತ್ತಿ ಆಡಿಸಿದ ಮಗಳ ಬಗೆಗಿನ ಆತಂಕ. ಪದ್ಮಾ ಖನ್ನಾ ಅವರ ಕೈಕೇಯಿ ಸೋಲುವುದು ತಂತ್ರಕ್ಕಲ್ಲ, ಆ ಆತಂಕಕ್ಕೆ. ಮಂಥರೆಯನ್ನು ಮಮತೆಯ ಸುಳಿ ಎಂದು ಕಂಡ ಕುವೆಂಪು ಅವರ ‘ಶ್ರೀ ರಾಮಾಯಣ ದರ್ಶನಂ’ ಓದಿ ಬೆಳೆದ ಕನ್ನಡಿಗರಿಗೆ ಈ ನಟನೆಯ ಒಳಮರ್ಮ ಬೇರೆಯವರಿಗಿಂತ ಬೇಗ ದಕ್ಕಬೇಕು. ಆದರೂ ನಾವೇ ಅವರನ್ನು ಬೈಗುಳದ ಹೆಸರಾಗಿ ಬಳಸುತ್ತಿದ್ದೇವೆ.

ಈ ಚಿತ್ರಗಳನ್ನು ಹೊಸದಾಗಿ ನೋಡಹೊರಟವರಿಗೆ ಕೆಲವು ಸೂಚನೆ ಕೊಡಬೇಕು. ಏಕೆಂದರೆ ಇಂದಿನ ಟಿ.ವಿ.ಯಲ್ಲಿ ಪೋಷಕ ನಟರಿಗೇ ಹೆಚ್ಚು ಪೆಟ್ಟು ಬೀಳುತ್ತದೆ. ಐವತ್ತರ ದಶಕದ ಚಿತ್ರಗಳ ಚೌಕಟ್ಟಿನ ಅಗಲ-ಎತ್ತರದ ಪ್ರಮಾಣ ಹೆಚ್ಚುಕಡಿಮೆ 4:3, ನಮ್ಮ ಟಿ.ವಿ. ಪರದೆ 16:9. ಪರದೆ ತುಂಬಲೆಂದು ಚಿತ್ರವನ್ನು ಹಿಗ್ಗಿಸಿ ಮೇಲೆ ಕೆಳಗೆ ಕತ್ತರಿಸಿದರೆ ಎತ್ತರದಲ್ಲಿ ಕಾಲು ಭಾಗ ಹೋಗುತ್ತದೆ. ಹೋಗುವುದು ಮಿಸೆಸ್ ಡಿಸಾಳ ಕೈಗಳು. ಕತ್ತರಿಸದೆ ಅಡ್ಡಕ್ಕೆ ಎಳೆದರೆ ಮುಖ ಮೂರನೇ ಒಂದು ಪಾಲು ಅಗಲವಾಗುತ್ತದೆ, ಹುಬ್ಬಿನ ಸೂಕ್ಷ್ಮ ಚಲನೆ ಚಪ್ಪಟೆಯಾಗುತ್ತದೆ. ಟಿ.ವಿ.ಯ ಸೆಟ್ಟಿಂಗ್ಸ್‌ನಲ್ಲಿ ಪಿಕ್ಚರ್ ಸೈಜ್ ಎಂಬಲ್ಲಿ 4:3 ಅಥವಾ ಒರಿಜಿನಲ್ ಆಯ್ದುಕೊಳ್ಳಿ. ಝೂಮ್, ವೈಡ್ ಬೇಡ. ಎರಡೂ ಬದಿ ಕಪ್ಪುಪಟ್ಟಿ ಬಂದರೆ ಅದೇ ಸರಿ. ನಾಯ್ಸ್ ರಿಡಕ್ಷನ್ ಹೆಚ್ಚಿದ್ದರೆ ಮುಖದ ಸುಕ್ಕು ಅಳಿಸಿ ಮೇಣದ ಗೊಂಬೆಯಾಗುತ್ತದೆ, ಅದನ್ನು ಆಫ್ ಮಾಡಿ. ಇನ್ನೊಂದು ತೊಂದರೆ ದನಿಯದು. ಸಿನಿಮಾ ಓಡುವುದು ಸೆಕೆಂಡಿಗೆ 24 ಫ್ರೇಮ್‌ನಂತೆ, ಅಂದರೆ 24 ಬಿಡಿಚಿತ್ರಗಳಂತೆ. ಹಳೆಯ ಟಿ.ವಿ. ಪ್ರತಿಗಳನ್ನು 25ರಂತೆ ಓಡಿಸಲಾಗಿದೆ. ಇದರಿಂದ ವೇಗ ಶೇ 4ರಷ್ಟು ಹೆಚ್ಚಿ, ಶ್ರುತಿ ಅರ್ಧ ಸ್ವರಕ್ಕೆ ತುಸು ಕಡಿಮೆ ಏರುತ್ತದೆ. 168 ನಿಮಿಷದ ಚಿತ್ರ 161 ನಿಮಿಷದಲ್ಲಿ ಮುಗಿಯುತ್ತದೆ. ಪವಾರ್ ಅವರ ದನಿ ಕೀರಲು ಎನ್ನುವವರಲ್ಲಿ ಕೆಲವರಾದರೂ ಕೇಳಿದ್ದು ಇಂಥ ಪ್ರತಿಯನ್ನು. ಜಾಹೀರಾತಿಗೆ ಸಮಯ ಸಾಲದಾದಾಗ ಮೊದಲು ಕತ್ತರಿ ಬೀಳುವುದೂ ಹಾಡಿಗಲ್ಲ, ಅತ್ತೆ-ಅಜ್ಜಿಯರ ಮಾತುಕತೆಗೆ. ಆದ್ದರಿಂದ ಅವಧಿ ನೋಡಿ ಪೂರ್ಣ ಪ್ರತಿ ಹುಡುಕಬೇಕು.

ಯಾವುದನ್ನು ಮೊದಲು ನೋಡಬೇಕು? ‘ಅನಾಡಿ’ಯಿಂದ ಶುರುಮಾಡಿ, ಮಂಥರೆಯಿಂದ ಖಂಡಿತ ಬೇಡ. ಆಮೇಲೆ ‘ಸುಜಾತಾ’, ‘ಮಿಸ್ಟರ್ ಅಂಡ್ ಮಿಸೆಸ್ 55’, ‘ಪ್ರೊಫೆಸರ್’. ಮೆಚ್ಚಿದ ದೃಶ್ಯವನ್ನು ಇನ್ನೊಮ್ಮೆ ದನಿ ಆರಿಸಿ ನೋಡಿ. ಮೂಕಿಯ ಪಾಠ ಎಷ್ಟು ಆಳಕ್ಕೆ ಇಳಿದಿತ್ತೆಂದು ಕಾಣುತ್ತದೆ. ಎದುರಿನವರು ಮಾತಾಡುವಾಗ ಇವರು ಕೇಳಿಸಿಕೊಳ್ಳುವ ಬಗೆಯನ್ನು ಬಿಡದೆ ಗಮನಿಸಿ.

ತಮ್ಮ ಪತ್ರಿಕೆಗೂ ಎರಡು ಕೋರಿಕೆಗಳಿವೆ. ಅವರ ಚಿತ್ರ ಪ್ರಕಟಿಸುವಾಗ ಅಡಿಬರಹದಲ್ಲಿ ಪಾತ್ರದ ಹೆಸರಿನ ಜೊತೆ ವರ್ಷವನ್ನೂ ಕೊಡಿ. ಸೀತಾದೇವಿ ಎಂಬ ಹೆಸರು 1955ರಲ್ಲೂ ಇದೆ, 1962ರ ‘ಪ್ರೊಫೆಸರ್’ನಲ್ಲೂ ಇದೆ. ಡಿಸಾ ಎಂಬುದು ‘ಅನಾಡಿ’ಯಲ್ಲೂ, 1971ರ ‘ಆನಂದ್’ನ ಮೇಟ್ರನ್ ಪಾತ್ರದಲ್ಲೂ ಬರುತ್ತದೆ. ಮಂಥರೆಯರಂತೂ ಇಬ್ಬರು. ವರ್ಷವಿಲ್ಲದಿದ್ದರೆ ಒಂದು ಇನ್ನೊಂದಾಗುವುದು ಸುಲಭ. ಎರಡನೆಯದು, ಟಿ.ವಿ. ಚಲನಚಿತ್ರಗಳ ಪಟ್ಟಿಯಲ್ಲಿ ನಾಯಕ-ನಾಯಕಿಯರ ಪಕ್ಕದಲ್ಲಿ ಒಬ್ಬ ಪೋಷಕ ಕಲಾವಿದರ ಹೆಸರಿಗಾದರೂ ಜಾಗ ಮಾಡಿಕೊಡಿ. ಲಲಿತಾ ಪವಾರ್ 1998ರ ಫೆಬ್ರವರಿ 24ರಂದು ಪುಣೆಯಲ್ಲಿ ತೀರಿಕೊಂಡರು. ಮುಂದಿನ ಫೆಬ್ರವರಿಯಲ್ಲಿ ಅವರ ಬಗ್ಗೆ ಬರೆಸುವುದಾದರೆ, ದಯವಿಟ್ಟು ಆ ಬರಹ 1942ರಿಂದಲ್ಲ, 1928ರಿಂದ ಶುರುವಾಗಲಿ.

ಇಂತಿ ನಮಸ್ಕಾರಗಳೊಂದಿಗೆ,
ತಮ್ಮ ಓದುಗ, ಧಾರವಾಡ